ತಡವಾಗಿ ಬಿದ್ದ ಪೆಟ್ಟು

ಮಾವನ ಕ್ಯಾಸೆಟ್ ಅಂಗಡಿಯಲ್ಲಿ ಗಿರಾಕಿಗಳ ಹೆಸರು ಬರೆದಿಡುವ ಪದ್ಧತಿ ಇರಲಿಲ್ಲ. ಹಾಡುಗಳ ಪಟ್ಟಿ ಕೊಟ್ಟು ಹೋದವರು ಯಾವ ಊರಿನವರೋ ಆ ಊರಿನ ಹೆಸರನ್ನೇ ಕ್ಯಾಸೆಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಸಾಸ್ತಾನ, ಸಾಲಿಗ್ರಾಮ, ಬೈಂದೂರು. ಒಂದೇ ಊರಿನ ಇಬ್ಬರಿದ್ದರೆ ‘ಸಾಸ್ತಾನ ಕನ್ನಡಕ’, ‘ಸಾಸ್ತಾನ ಸೈಕಲ್’ ಎಂದು ಬೇರೆ ಮಾಡುತ್ತಿದ್ದರು. ಆರು ತಿಂಗಳಾದರೂ ಯಾರೂ ಬಾರದಿದ್ದರೆ ಆ ಕ್ಯಾಸೆಟ್ ಕೆಳಗಿನ ಡ್ರಾಯರಿಗೆ ಹೋಗುತ್ತಿತ್ತು. ಅಲ್ಲಿರುವುದರ ಮೇಲೆ ಬೇರೆ ಹಾಡು ತುಂಬಬಹುದು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ನಾನು ಮಾಡಿದ ತಪ್ಪು ಈ ಪದ್ಧತಿಯ ಒಳಗಿನಿಂದಲೇ ಹುಟ್ಟಿದ್ದು, ಬೇರೆ ಯಾವ ಅಂಗಡಿಯಲ್ಲೂ ಅದು ಆಗುತ್ತಿರಲಿಲ್ಲ.

ಮಾವ ಎಂದರೆ ಅಮ್ಮನ ಕಿರಿಯ ತಮ್ಮ. ಮುಂಬಯಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹನ್ನೊಂದು ವರ್ಷ ಇದ್ದು, ೧೯೯೭ರಲ್ಲಿ ಊರಿಗೆ ಬಂದು, ಕುಂದಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿ ಹಾಕಿದರು. ಬರುವಾಗ ಎರಡು ಡೆಕ್ಕಿನ ಟೇಪ್ ರೆಕಾರ್ಡರನ್ನೂ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ತಂಡವೊಂದರ ಐದು ಕ್ಯಾಸೆಟ್ಟುಗಳನ್ನೂ ತಂದಿದ್ದರು. ಕ್ಯಾಂಟೀನಿನ ಕೋಣೆಯಲ್ಲಿ ಜತೆಗಿದ್ದ ಗೋವಾದವರೊಬ್ಬರು ಆ ರುಚಿ ಹತ್ತಿಸಿದ್ದಂತೆ. ತಂಡದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಂಗಡಿಯಲ್ಲಿ ಕೂಡ ಅದನ್ನು ಯಾರೂ ಹೇಳುತ್ತಿರಲಿಲ್ಲ. ಪಕ್ಕದ ಅಂಗಡಿಯ ಟೈಲರ್ ಆ ತಂಡದವರನ್ನು ‘ನಿಮ್ಮ ಬೊಬ್ಬಿಯವ್ರ್’, ಅಂದರೆ ಬೊಬ್ಬೆ ಹೊಡೆಯುವವರು, ಎನ್ನುತ್ತಿದ್ದರು, ಕ್ರಮೇಣ ಮಾವನೂ ಹಾಗೇ ಅನ್ನತೊಡಗಿದರು.

ಅಂಗಡಿಯಲ್ಲಿ ಖರ್ಚಾಗುತ್ತಿದ್ದದ್ದು ಭಜನೆ, ಸಿನಿಮಾ ಹಾಡು ಮತ್ತು ಯಕ್ಷಗಾನ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಇರುತ್ತಿರಲಿಲ್ಲ, ಆಗ ಬೊಬ್ಬೆಯವರು ಬರುತ್ತಿದ್ದರು. ಮಾವ ಕೇಳುತ್ತಿದ್ದದ್ದು ಹಾಡುವವನನ್ನೂ ಅಲ್ಲ, ಗಿಟಾರನ್ನೂ ಅಲ್ಲ. ಡ್ರಮ್ಮನ್ನು. ಎರಡು ದೊಡ್ಡ ಡ್ರಮ್ಮುಗಳನ್ನು ಆತ ಎರಡು ಕಾಲಿನಿಂದ ಬಾರಿಸುತ್ತಾನೆ ಎಂಬುದನ್ನು ಅವರು ಬಂದವರಿಗೆಲ್ಲ ವಿವರಿಸುತ್ತಿದ್ದರು. “ಕಾಲಲ್ಲ್ ಚಂಡೆ ಬಾರ್ಸ್ತ ಕಾಣ್,” ಎಂದು ನನಗೂ ಹೇಳಿದ್ದರು. ಆಗ ಅವರ ಬೆರಳುಗಳು ಗಾಜಿನ ಕೌಂಟರಿನ ಮೇಲೆ ಬೇರೆ ಏನನ್ನೋ ಬಾರಿಸುತ್ತಿದ್ದವು. ಅದು ಚಂಡೆಯ ಕೈ ಎಂಬುದು ನನಗೆ ಗೊತ್ತಿತ್ತು. ಮುಂಬಯಿಗೆ ಹೋಗುವ ಮೊದಲು ಮಾವ ಸಾಲಿಗ್ರಾಮದಲ್ಲಿ ಒಬ್ಬ ಗುರುಗಳ ಹತ್ತಿರ ಮೂರು ವರ್ಷ ಯಕ್ಷಗಾನದ ಚಂಡೆ ಕಲಿತಿದ್ದರು. ಯಾಕೆ ಬಿಟ್ಟರು ಎಂದರೆ, ಕೆಲಸ ಸಿಕ್ಕಿತು ಹೋದ ಎಂದು ಅಮ್ಮ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚಿನ ವಿವರಣೆ ನಮ್ಮ ಮನೆಯಲ್ಲಿ ಯಾವುದಕ್ಕೂ ಇರುತ್ತಿರಲಿಲ್ಲ.

ಅಂಗಡಿ ಹಾಕಿದ ವರ್ಷವೇ ತಂಡ ನಿಂತುಹೋದ ಸುದ್ದಿ ಬಂತು. ಒಡೆದದ್ದಲ್ಲ, ನಿಲ್ಲಿಸಿದ್ದು. ಮಾವನಿಗೆ ಈ ವ್ಯತ್ಯಾಸ ಮುಖ್ಯವಾಗಿತ್ತು. ಟೈಲರ್ ಬಿಡಲಿಲ್ಲ. ಬೊಬ್ಬೆ ಹೊಡೆದು ಹೊಡೆದು ಗಂಟಲು ಹೋಗಿರಬೇಕು, ಶುಂಠಿ ಕಷಾಯ ಮಾಡಿ ಕಳಿಸಿ ಎಂದರು. ಸಿಟ್ಟೋ ತಮಾಷೆಯೋ, ಮಾವ ಅಂದು ಒಂದು ಮಾತು ಆಡಿಬಿಟ್ಟರು.

“ಅವ್ರ್ ತಿರ್ಗಿ ಬತ್ರ್. ಬಂದ್ ದಿನ ನಾನೂ ಚಂಡೆ ಹಿಡಿತೆ.”

ಟೈಲರ್ ಅದನ್ನು ನೆನಪಿಟ್ಟುಕೊಂಡರು. ಬಟ್ಟೆಯ ಅಳತೆಯನ್ನು ಬರೆಯದೆ ನೆನಪಿಡುವ ಮನುಷ್ಯ ಅವರು.

ಮರುವರ್ಷದ ಬೇಸಿಗೆ ರಜೆಯಲ್ಲಿ, ನನಗೆ ಹನ್ನೆರಡು ವರ್ಷವಿದ್ದಾಗ, ಆ ತಂಡದ ಕೊನೆಯ ಆಲ್ಬಮ್ಮಿನ ಪ್ರತಿಯೊಂದು ನನಗೂ ಬೇಕು ಎಂದು ಮಾವನನ್ನು ಕೇಳಿದೆ. ನಾನು ಏನನ್ನೂ ಸುಲಭವಾಗಿ ಕೇಳುವವಳಲ್ಲ. ಮಾವ ಖುಷಿಯಾಗಿಯೇ ಒಪ್ಪಿದರು. ಕೆಳಗಿನ ಡ್ರಾಯರಿನಿಂದ ಒಂದು ಕ್ಯಾಸೆಟ್ ತೆಗೆದು ನೀನೇ ತುಂಬಿಸಿಕೊ, ನಾನೀಗ ಬ್ಯಾಂಕಿಗೆ ಹೋಗಿ ಬರುತ್ತೇನೆ ಎಂದರು. ಡ್ರಾಯರಿನಲ್ಲಿ ಎಂಟು ಹತ್ತು ಇದ್ದವು. ನಾನು ಆರಿಸಿದ್ದು ಅರುವತ್ತು ನಿಮಿಷದ್ದು, ಗೀರುಗಳಿಲ್ಲದ್ದು. ಅದರ ಮೇಲೆ ಪೆನ್ಸಿಲಿನಲ್ಲಿ ‘ಹಾಲಾಡಿ’ ಎಂದಿತ್ತು. ಹಾಲಾಡಿಯ ಯಾರೋ ಬರೆಸಿ ಮರೆತದ್ದು ಎಂದು ನಾನು ಒಂದು ಕ್ಷಣವೂ ಯೋಚಿಸದೆ ನಿರ್ಧರಿಸಿದೆ.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು, ಗುಂಡಿ ಒತ್ತಿದರೂ ಒಳಗೆ ಹೋಗುವುದಿಲ್ಲ. ಈ ಕ್ಯಾಸೆಟ್ಟಿನಲ್ಲಿ ಎರಡನ್ನೂ ಮುರಿದಿದ್ದರು. ಯಾರೋ ಇದನ್ನು ಕಾಪಾಡಬೇಕೆಂದುಕೊಂಡಿದ್ದಾರೆ ಎಂಬುದು ಅದರ ಅರ್ಥ. ನಾನು ಆ ಅರ್ಥವನ್ನು ಓದಲಿಲ್ಲ. ಮಾವ ಮಾಡುವುದನ್ನು ನೋಡಿದ್ದೆನಲ್ಲ, ಹಾಗೇ ಎರಡು ತುಂಡು ಸೆಲ್ಲೋಟೇಪನ್ನು ಅಳತೆ ನೋಡಿ ಕತ್ತರಿಸಿ ಆ ತೂತುಗಳಿಗೆ ಅಂಟಿಸಿದೆ. ಅಂಚು ಎಲ್ಲೂ ಏಳದಂತೆ ಉಗುರಿನಿಂದ ತೀಡಿದೆ. ಅಷ್ಟು ಅಚ್ಚುಕಟ್ಟು.

ಎ ಬದಿಯಲ್ಲಿ ಜಾಗ ಸಾಲದೆ ಹಾಡೊಂದು ನಡುವೆ ತುಂಡಾಯಿತು. ಬಿ ಬದಿಯಲ್ಲಿ ಕೊನೆಯ ಹಾಡು ಮುಗಿದಾಗ ಸ್ವಲ್ಪ ಟೇಪು ಉಳಿದಿತ್ತು. ಗಿಟಾರಿನ ಕೊನೆಯ ನಾದ ಪೂರ್ತಿ ಆರುವವರೆಗೆ ಕಾದು, ಆರಿದ ಕೂಡಲೇ ಗುಂಡಿ ಒತ್ತಿ ನಿಲ್ಲಿಸಿದೆ. ನಿಲ್ಲಿಸದೆ ಬಿಟ್ಟಿದ್ದರೆ ಉಳಿದದ್ದೂ ಅಳಿಸುತ್ತಿತ್ತು.

ಬೈಂದೂರಿನ ಮನೆಯಲ್ಲಿ ನನ್ನದೆಂಬ ಕೋಣೆ ಇರಲಿಲ್ಲ. ಅಪ್ಪನ ಮೀನಿನ ವ್ಯಾಪಾರದ ಜನ ಬೆಳಗಿನಿಂದಲೇ ಜಗಲಿಗೆ ಬರುತ್ತಿದ್ದರು, ಫೋನು ಬಡಿಯುತ್ತಲೇ ಇರುತ್ತಿತ್ತು. ಮಾವ ಕೊಟ್ಟ ಹಳೆಯ ವಾಕ್‌ಮನ್ ಹಾಕಿಕೊಂಡು ಹಿತ್ತಲಿನ ಮೆಟ್ಟಿಲ ಮೇಲೆ ಕೂತರೆ ಅದೇ ನನ್ನ ಕೋಣೆ. ನಾನು ಏನು ಕೇಳುತ್ತೇನೆಂದು ಯಾರೂ ಕೇಳಲಿಲ್ಲ, ಭಜನೆ ಎಂದುಕೊಂಡಿರಬೇಕು. ಒಳಗೆ ಅಷ್ಟೊಂದು ಗದ್ದಲ, ಹೊರಗೆ ನಾನು ಸುಮ್ಮನೆ ಕೂತಿದ್ದೇನೆ. ಈ ಹೊಂದಾಣಿಕೆ ನನಗೆ ಸರಿಹೋಯಿತು.

ಬಿ ಬದಿ ಮುಗಿದ ಮೇಲೆ ಒಂದು ಉಸಿರಿನಷ್ಟು ಮೌನ. ಆಮೇಲೆ ಚಂಡೆ. ನಲವತ್ತು ಸೆಕೆಂಡು. ಗಡಿಯಾರ ಹಿಡಿದು ಅಳೆದಿದ್ದೇನೆ. ನಾನು ಅಳಿಸಿದ ಯಕ್ಷಗಾನದ ಬಾಲ ಅದು. ಚಂಡೆ ಏರುತ್ತ ಹೋಗಿ, ಮದ್ದಳೆಯೂ ಸೇರಿ, ಕುಣಿತವನ್ನು ಮುಗಿಸುವ ಜಾಗಕ್ಕೆ ಬರುತ್ತದೆ. ಹಾಗೆ ಮುಗಿಸುವ ಪೆಟ್ಟುಗಳ ಕಟ್ಟಿಗೆ ಮುಕ್ತಾಯ ಎನ್ನುತ್ತಾರೆ. ಅದರ ಕೊನೆಯ ಪೆಟ್ಟು ಬೀಳಬೇಕಾದಲ್ಲಿ ಬೀಳದೆ, ಒಂದು ಎಳೆ ತಡೆದು, ಆಮೇಲೆ ಬೀಳುತ್ತದೆ. ಅಲ್ಲಿಗೆ ಟೇಪು ಮುಗಿಯುತ್ತದೆ. ಆ ತಡೆದ ಎಳೆಯಲ್ಲಿ ನನ್ನ ಎದೆ ಪ್ರತಿ ಸಲವೂ ಒಂದು ಮೆಟ್ಟಿಲು ತಪ್ಪಿದ ಹಾಗಾಗುತ್ತಿತ್ತು. ಅದಕ್ಕಾಗಿಯೇ ನಾನು ಬಿ ಬದಿಯನ್ನು ಕೊನೆಯವರೆಗೆ ಕೇಳುತ್ತಿದ್ದೆ. ಅದು ಆಲ್ಬಮ್ಮಿನ ಭಾಗವಲ್ಲ ಎಂದು ನನಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಆದರೂ ಎಷ್ಟೋ ವರ್ಷಗಳ ನಂತರ ಕೊಣಾಜೆಯ ಹಾಸ್ಟೆಲಿನಲ್ಲಿ ಅದೇ ಆಲ್ಬಮ್ಮನ್ನು ಸಿ.ಡಿ.ಯಲ್ಲಿ ಕೇಳಿದಾಗ, ಕೊನೆಯ ಹಾಡಿನ ನಂತರ ಏನೂ ಬಾರದ್ದರಿಂದ, ಯಾರೋ ಅದನ್ನು ಕತ್ತರಿಸಿದ್ದಾರೆ ಎನ್ನಿಸಿ ಒಮ್ಮೆ ಪ್ಲೇಯರನ್ನೇ ತಟ್ಟಿದ್ದೆ.

ಹಾಲಾಡಿ ಎಂದರೆ ಏನು ಎಂಬುದು ತಿಳಿದದ್ದು ೨೦೦೧ರಲ್ಲಿ. ಆಗ ಕುಂದಾಪುರದಲ್ಲಿ ಪಿ.ಯು.ಸಿ. ಓದುತ್ತಿದ್ದೆ, ಸಂಜೆ ಬೈಂದೂರಿನ ಬಸ್ಸು ಬರುವವರೆಗೆ ಮಾವನ ಅಂಗಡಿಯ ಸ್ಟೂಲಿನಲ್ಲಿ ಕೂರುತ್ತಿದ್ದೆ. ಒಂದು ದಿನ ವಯಸ್ಸಾದ ಮದ್ದಳೆಗಾರರೊಬ್ಬರು ಬಂದರು. ಮಾತಿನ ನಡುವೆ, ಹಾಲಾಡಿಯ ಯಕ್ಷಗಾನದ ಆಟದ ಕ್ಯಾಸೆಟ್ ಇನ್ನೂ ಇದೆಯೋ, ತನಗೊಂದು ಪ್ರತಿ ಮಾಡಿಕೊಡಬಹುದೋ ಎಂದು ಕೇಳಿದರು. ಮಾವ ಮೇಲಿನ ಕಪಾಟು, ಕೆಳಗಿನ ಡ್ರಾಯರು, ಸ್ಟೂಲಿನ ಕೆಳಗಿನ ಪೆಟ್ಟಿಗೆ ಎಲ್ಲ ತಡಕಿದರು. ನನ್ನನ್ನು ಎಬ್ಬಿಸಿಯೂ ಹುಡುಕಿದರು. ನಾನು ಎದ್ದು ನಿಂತೆ. ನನ್ನ ಚೀಲದಲ್ಲಿ, ಇತಿಹಾಸದ ನೋಟ್ಸಿನ ಅಡಿಯಲ್ಲಿ, ಆ ಕ್ಯಾಸೆಟ್ ಇತ್ತು.

ಅವರು ಹೋದ ಮೇಲೆ ಮಾವ ತಾವಾಗಿಯೇ ಹೇಳಿದರು. ಹತ್ತೊಂಬತ್ತನೆಯ ವರ್ಷದಲ್ಲಿ ಅವರು ಒಂದೇ ಒಂದು ಆಟಕ್ಕೆ ಚಂಡೆ ಬಾರಿಸಿದ್ದು, ಹಾಲಾಡಿಯಲ್ಲಿ. ಮೇಳದ ಚಂಡೆಯವರಿಗೆ ಜ್ವರ ಬಂದಿತ್ತು, ಗುರುಗಳು ಇವರನ್ನು ಕಳಿಸಿದ್ದರು. ಸಭೆಯಲ್ಲಿದ್ದ ಯಾರೋ ಟೇಪ್ ರೆಕಾರ್ಡರ್ ಇಟ್ಟಿದ್ದರು, ಕ್ಯಾಸೆಟ್ ಕೊನೆಗೆ ಇವರ ಕೈ ಸೇರಿತು. ಬೇರೆ ಪ್ರತಿ ಇಲ್ಲ. ಆ ದಿನದ ಹಾಗೆ ಕೈ ಮತ್ತೆಂದೂ ಓಡಲಿಲ್ಲ ಎಂದರು. ಮನೆಯ ಟ್ರಂಕಿನಲ್ಲಿರಬೇಕು, ಸಿಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂದರು. ಒಂದು ವಾರ ಹುಡುಕಿದರು. ಆ ವಾರವೆಲ್ಲ ಅವರು ಗಿರಾಕಿಗಳ ಮೇಲೆ ರೇಗುತ್ತಿದ್ದುದನ್ನು ನೋಡಿದೆ.

ನಾನು ಹೇಳಲಿಲ್ಲ. ಮೊದಲ ದಿನ ಹೇಳದಿದ್ದದ್ದು ಹೆದರಿಕೆಯಿಂದ. ಮರುದಿನ ಹೇಳಬೇಕಾದರೆ ಮೊದಲ ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಿತ್ತು. ಹೀಗೆ ಹೇಳಬೇಕಾದದ್ದು ದಿನಕ್ಕೊಂದಿಷ್ಟು ಬೆಳೆಯಿತು. ಪದವಿ ಮುಗಿಯಿತು, ಎಂ.ಎ. ಮುಗಿಯಿತು, ಬ್ರಹ್ಮಾವರದ ಕಾಲೇಜೊಂದರಲ್ಲಿ ಪಾಠ ಮಾಡತೊಡಗಿದೆ. ಊರಿಂದ ಊರಿಗೆ ಸಾಮಾನು ಸಾಗಿಸುವಾಗಲೆಲ್ಲ ಆ ಕ್ಯಾಸೆಟ್ಟನ್ನು ಬೇರೆ ಕಟ್ಟಿ, ಕೈಚೀಲದಲ್ಲೇ ಇಟ್ಟುಕೊಂಡಿರುತ್ತಿದ್ದೆ. ಮಾವನನ್ನು ನೋಡಲು ಹೋದಾಗ ನಾನು ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಸೀರೆಯ ಸೆರಗನ್ನು ಸರಿಮಾಡುತ್ತ, ಗಡಿಯಾರ ನೋಡುತ್ತ, ಬಸ್ಸು ತಪ್ಪುತ್ತದೆ ಎನ್ನುತ್ತಿದ್ದೆ. ನನ್ನ ಸ್ವಭಾವವೇ ಹೀಗೆ ಎಂದು ಎಲ್ಲರೂ ತಿಳಿದರು.

ಅಷ್ಟರಲ್ಲಿ ಕ್ಯಾಸೆಟ್ಟುಗಳ ಕಾಲ ಮುಗಿದಿತ್ತು. ಅಂಗಡಿಯಲ್ಲಿ ಮೊದಲು ಸಿ.ಡಿ. ಬಂತು, ಆಮೇಲೆ ಜೆರಾಕ್ಸ್, ಆಮೇಲೆ ಮೊಬೈಲ್ ರೀಚಾರ್ಜ್. ಎರಡು ಡೆಕ್ಕಿನ ಯಂತ್ರ ಮಾತ್ರ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಟೈಲರ್ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದು, ಬೊಬ್ಬೆಯವರ ಸುದ್ದಿ ಏನಾದರೂ ಇದೆಯೋ ಎಂದು ವಿಚಾರಿಸುತ್ತಿದ್ದರು. ಮಾವ ಬರುತ್ತಾರೆ ಎನ್ನುತ್ತಿದ್ದರು. ನಾನೂ ಬರಲಿ ಎಂದುಕೊಳ್ಳುತ್ತಿದ್ದೆ. ಅವರು ಬಂದ ದಿನ ಹೇಳಿಬಿಡುತ್ತೇನೆ ಎಂದು ಯಾವಾಗಲೋ ನನಗೆ ನಾನೇ ಗಡುವು ಹಾಕಿಕೊಂಡಿದ್ದೆ. ಅವರು ಬರುವುದಿಲ್ಲ ಎಂಬ ಧೈರ್ಯ ಒಳಗೆ ಇದ್ದೇ ಇತ್ತು.

೨೦೦೯ರಲ್ಲಿ ಅವರು ಬಂದರು. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಅಂಕಪಟ್ಟಿ ತುಂಬುತ್ತಿದ್ದಾಗ ಓದಿದೆ. ಕೊನೆಯ ಆಲ್ಬಮ್ ಬಂದ ಹದಿಮೂರು ವರ್ಷಗಳ ನಂತರ ಹೊಸದೊಂದು, ಅದೇ ನಾಲ್ವರು. ಚಿತ್ರದಲ್ಲಿ ಒಬ್ಬನ ಕೂದಲು ಪೂರ್ತಿ ಹೋಗಿತ್ತು, ಡ್ರಮ್ಮಿನವನಿಗೆ ಕನ್ನಡಕ ಬಂದಿತ್ತು. ಎದ್ದು ಕಾರಿಡಾರಿನ ಕೊನೆಯವರೆಗೆ ನಡೆದು ಬಂದೆ. ಮತ್ತೆ ಕೂತೆ. ಒಬ್ಬ ವಿದ್ಯಾರ್ಥಿನಿಯ ಅಂಕವನ್ನು ಇನ್ನೊಬ್ಬಳ ಹೆಸರಿನ ಮುಂದೆ ತುಂಬಿದ್ದು ಮರುದಿನ ಗೊತ್ತಾಯಿತು.

ಸಿ.ಡಿ. ಮಂಗಳೂರಿನ ಅಂಗಡಿಗೆ ಬರಲು ಎರಡು ತಿಂಗಳು ಹಿಡಿಯಿತು. ಅಂಗಡಿಯವರು ಅದನ್ನು ಪೊಟ್ಟಣ ಮಾಡಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ಬ್ರಹ್ಮಾವರದಲ್ಲಿ ಬಸ್ಸು ನಿಂತ ಅರೆನಿಮಿಷದಲ್ಲಿ ಕಂಡಕ್ಟರ್ ಅದನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟು, ಔಷಧಿಯೋ ಎಂದು ಕೇಳಿ, ಉತ್ತರ ಬರುವ ಮೊದಲೇ ಶಿಳ್ಳೆ ಹೊಡೆದರು. ನಾನು ಅದನ್ನು ಬಿಚ್ಚಲಿಲ್ಲ. ಶನಿವಾರ ಮಧ್ಯಾಹ್ನ ತರಗತಿ ಮುಗಿಸಿ, ಸಿ.ಡಿ.ಯನ್ನೂ ಆ ಕ್ಯಾಸೆಟ್ಟನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಕುಂದಾಪುರದ ಬಸ್ಸು ಹತ್ತಿದೆ. ಸಾಸ್ತಾನದಲ್ಲಿ ಇಳಿದುಬಿಡೋಣ ಅನ್ನಿಸಿತು. ಸಾಲಿಗ್ರಾಮದಲ್ಲೂ ಅನ್ನಿಸಿತು. ಪಕ್ಕದಲ್ಲಿದ್ದ ಹೆಂಗಸು ತನ್ನ ಮೀನಿನ ಬುಟ್ಟಿ ನನಗೆ ತಾಗುತ್ತದೆ ಎಂದು ಅತ್ತ ಸರಿದು ಕೂತಳು. ನಾನು ಕಾಲು ಅಲ್ಲಾಡಿಸುತ್ತಿದ್ದದ್ದಕ್ಕೆ ಆಕೆಗೆ ಹಾಗೆ ಕಂಡಿರಬೇಕು.

ಟೈಲರ್ ನನ್ನನ್ನು ದೂರದಿಂದಲೇ ನೋಡಿ ಮಿಶನ್ನಿನ ಕಾಲು ನಿಲ್ಲಿಸಿದರು. ನಾನು ಫೋನಿನಲ್ಲಿ ತಿಳಿಸಿದ್ದ ಸುದ್ದಿಯನ್ನು ಮಾವ ಅವರಿಗೆ ಮೊದಲೇ ಹೇಳಿಯಾಗಿತ್ತು.

“ಹ್ವಾಯ್, ಬೊಬ್ಬಿಯವ್ರ್ ಬಂದ್ರಂಬ್ರಲೆ,” ಎಂದು ಅವರು ಗೋಡೆಯಾಚೆಗೆ ಕರೆದರು. “ಚಂಡೆ ಎಲ್ಲಿತ್ತ್?”

“ಪ್ಯಾಂಟ್ ಹೊಲಿನಿ ಮಾರಾಯ್ರೆ ನೀವ್,” ಎಂದರು ಮಾವ.

ಅವರು ಶರ್ಟು ಬದಲಿಸಿ ಕಾಯುತ್ತಿದ್ದರು. ಜೆರಾಕ್ಸ್ ಯಂತ್ರದ ಮೇಲೆ ‘ಕರೆಂಟ್ ಇಲ್ಲ’ ಎಂಬ ಹಲಗೆ ಇಟ್ಟಿದ್ದರು. ಕರೆಂಟ್ ಇತ್ತು. ಪ್ಲಾಸ್ಟಿಕ್ ಹೊದಿಕೆಯನ್ನು ಉಗುರಿನಿಂದ ಬಿಡಿಸಿ ಸಿ.ಡಿ. ಹಾಕಿದರು, ಸ್ಟೂಲನ್ನು ನನಗೆ ಕೊಟ್ಟು ತಾವು ನಿಂತರು.

ಮೊದಲ ಹಾಡು ಹಳೆಯದರ ಹಾಗೆಯೇ ಶುರುವಾಯಿತು. ಆಮೇಲೆ ಹಾಡುವವನ ದನಿ ಬಂತು. ಮೊದಲು ಮೇಲಕ್ಕೆ ಚೀರುತ್ತಿದ್ದ ಜಾಗದಲ್ಲಿ ಈಗ ಆತ ಕೆಳಗೇ ಉಳಿದು, ದಪ್ಪ ದನಿಯಲ್ಲಿ ಮಾತಿನ ಹಾಗೆ ಹಾಡುತ್ತಿದ್ದ. ಮೇಲೆ ಹೋಗಲಾರದವನು ಹೋಗದಿರುವುದನ್ನು ಚೆನ್ನಾಗಿ ಕಲಿತಿದ್ದಾನೆ ಅನ್ನಿಸಿತು. ಗಿಟಾರು ಮೊದಲಿಗಿಂತ ಭಾರವಾಗಿತ್ತು. ಎರಡನೆಯ ಹಾಡಿನಲ್ಲಿ ಡ್ರಮ್ಮು ಮುಂದೆ ಬಂದಾಗ ಮಾವ ಕತ್ತು ಓರೆ ಮಾಡಿದರು. ಕಾಲು ಸ್ವಲ್ಪ ನಿಧಾನವಾಗಿದೆ, ಆದರೆ ಅವಸರ ಮಾಡಿ ಮುಚ್ಚುತ್ತಿಲ್ಲ ಎಂದರು. ಹನ್ನೆರಡು ವರ್ಷ ಕಾದವರ ಮುಖದಲ್ಲಿ ನಾನು ನಿರೀಕ್ಷಿಸಿದ್ದ ಸಂತೋಷ ಇರಲಿಲ್ಲ. ಅವರು ಬಾಗಿಲ ಕಡೆ ನೋಡುತ್ತಿದ್ದರು, ಯಾರೋ ಬಂದು ಕರೆದೊಯ್ಯುತ್ತಾರೆ ಎಂಬ ಹಾಗೆ. ಕೌಂಟರಿನ ಮೇಲೆ ಬೆರಳುಗಳು ಆಡುತ್ತಿರಲಿಲ್ಲ.

ಮೂರನೆಯ ಹಾಡು ಮುಗಿದು ನಾಲ್ಕನೆಯದಕ್ಕೆ ಮೊದಲಿನ ಮೌನದಲ್ಲಿ ನಾನು ಕ್ಯಾಸೆಟ್ಟನ್ನು ಗಾಜಿನ ಮೇಲಿಟ್ಟೆ. ಪೆನ್ಸಿಲಿನ ಅಕ್ಷರ ಮಾಸಿತ್ತು, ಆದರೆ ಓದಬಹುದಿತ್ತು. ಮಾವ ತಮ್ಮ ಕೈಬರಹವನ್ನು ನೋಡಿದರು.

“ಮಾವ, ಇದ್ರ್ ಮೇಲೆ ಬೊಬ್ಬಿಯವ್ರನ್ನ ತುಂಬ್ಸಿದ್ದ್ ನಾನ್. ಊರ್ ಹೆಸ್ರ್ ಕಂಡ್ ಗಿರಾಕಿದ್ದ್ ಅಂದ್ಕಂಡೆ.”

ಅವರು ಕ್ಯಾಸೆಟ್ಟನ್ನು ತಿರುಗಿಸಿ, ಬೆನ್ನಿನ ಸೆಲ್ಲೋಟೇಪನ್ನು ಹೆಬ್ಬೆರಳಿನಿಂದ ಸವರಿದರು. ಅದು ಹಳದಿಯಾಗಿತ್ತು, ಆದರೆ ಅಂಚು ಈಗಲೂ ಎದ್ದಿರಲಿಲ್ಲ. ಎಷ್ಟನೇ ಇಸವಿ ಎಂದು ಕೇಳಿದರು, ಹೇಳಿದೆ. ಮದ್ದಳೆಯವರು ಬಂದ ದಿನ ನಿನಗೆ ಗೊತ್ತಿತ್ತೋ ಎಂದರು. ಅವತ್ತು ಗೊತ್ತಾಯಿತು, ಚೀಲದಲ್ಲೇ ಇತ್ತು ಎಂದೆ. ಅವರು ಸಿ.ಡಿ.ಯನ್ನು ನಿಲ್ಲಿಸಿದರು.

“ಒಳ್ದದ್ದ್ ಎಷ್ಟ್?”

“ನಲ್ವತ್ತ್ ಸೆಕೆಂಡ್. ಬಿ ಬದಿ ಕೊನಿಗೆ.”

ಅವರು ಮೂಲೆಯ ಯಂತ್ರದ ಬಟ್ಟೆ ತೆಗೆದರು. ಹತ್ತಿ ಸುತ್ತಿದ ಕಡ್ಡಿಗೆ ಸ್ಪಿರಿಟ್ ಹಚ್ಚಿ, ಟೇಪು ತಾಗುವ ಹೆಡ್ಡನ್ನು ಒರೆಸಿದರು, ಒಣಗಲು ಬಿಟ್ಟರು. ಈ ಕೆಲಸಗಳಲ್ಲಿ ಅವರ ಕೈ ಎಂದಿನಷ್ಟೇ ನಿಧಾನವಾಗಿತ್ತು. ಬೆಲ್ಟು ಸಡಿಲಾಗಿದ್ದರಿಂದ ಮೊದಲು ದನಿ ಜೋಲಿ ಹೊಡೆಯಿತು, ಆಮೇಲೆ ಸರಿಯಾಯಿತು. ಹಳೆಯ ಆಲ್ಬಮ್ಮಿನ ಕೊನೆಯ ಹಾಡು, ಹಾಡುವವನ ಹರೆಯದ ಚೀರು, ಗಿಟಾರಿನ ನಾದ ಆರುವುದು, ನಾನು ಗುಂಡಿ ಒತ್ತಿದ ಸಣ್ಣ ಟಕ್. ಆಮೇಲೆ ಚಂಡೆ.

ಮಾವ ಕಣ್ಣು ಮುಚ್ಚಲಿಲ್ಲ. ಯಂತ್ರದೊಳಗೆ ತಿರುಗುವ ಚಕ್ರವನ್ನೇ ನೋಡುತ್ತಿದ್ದರು. ಮುಕ್ತಾಯ ಬಂತು, ಕೊನೆಯ ಪೆಟ್ಟು ತಡೆಯಿತು, ಬಿತ್ತು, ಟೇಪು ನಿಂತಿತು. ಅವರು ನಕ್ಕರು. ಮೊದಲು ಗಂಟಲಿನಲ್ಲಿ, ಆಮೇಲೆ ಕಣ್ಣಿನಲ್ಲಿ ನೀರು ಬರುವಷ್ಟು.

“ಒಳ್ಳೇದೆಲ್ಲ ಅಳ್ಸಿ, ತಪ್ಪೊಂದ್ ಒಳ್ಸಿದ್ಯಲೆ ಮಗಾ.”

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಅದು ಬೇಕೆಂದು ತಡೆದ ಪೆಟ್ಟಲ್ಲ, ತಪ್ಪಿದ ಪೆಟ್ಟು. ವೇಷದವರು ಹಾರಿ ನೆಲಕ್ಕೆ ಕಾಲೂರುವ ಕ್ಷಣಕ್ಕೆ ಸರಿಯಾಗಿ ಅದು ಬೀಳಬೇಕಿತ್ತು. ಕಾಲು ಊರಿಯಾಗಿತ್ತು, ಪೆಟ್ಟು ಬಿದ್ದಿರಲಿಲ್ಲ. ಕೈ ಸೋತಿತ್ತೋ, ವೇಷ ನೋಡುತ್ತ ಮೈಮರೆತಿದ್ದರೋ ಅವರಿಗೇ ತಿಳಿಯದು. ಸಭೆಗೆ ಗೊತ್ತಾಗಲಿಲ್ಲ. ಹಾಡುತ್ತಿದ್ದ ಭಾಗವತರು ಬೈಯಲಿಲ್ಲ. ಆದರೆ ಮುಂದಿನ ಆಟಕ್ಕೂ ಬಾ ಎಂದಾಗ ಇವರು ಹೋಗಲಿಲ್ಲ, ತಿಂಗಳೊಳಗೆ ಮುಂಬಯಿಯ ಬಸ್ಸು ಹತ್ತಿದ್ದರು.

“ಯಾರೂ ಎಂತದೂ ಹೇಳ್ಲಿಲ್ಲೆ,” ಎಂದರು. “ವೇಷದವ್ರ್ ಒಂದ್ ಸಲ ತಿರ್ಗಿ ಕಂಡ್ರ್. ಅಷ್ಟೇ.”

ಕೆಲಸ ಸಿಕ್ಕಿತು ಹೋದ ಎಂಬ ಅಮ್ಮನ ಮಾತು ನೆನಪಾಯಿತು. ಮದ್ದಳೆಯವರು ಬಂದ ವಾರ ಮಾವ ಅಷ್ಟು ರೇಗುತ್ತ ಹುಡುಕಿದ್ದು ಕ್ಯಾಸೆಟ್ ಸಿಗಲಿ ಎಂದೋ, ಬೇರೆಯವರ ಕೈಗೆ ಸಿಗದಿರಲಿ ಎಂದೋ ಎಂಬ ಪ್ರಶ್ನೆಯೂ ಎದ್ದಿತು. ಕೇಳಲಿಲ್ಲ. ಗಿರಾಕಿಗಳು ಮರೆತ ಕ್ಯಾಸೆಟ್ಟುಗಳ ಡ್ರಾಯರಿಗೆ ಅದು ಹೋಗಿದ್ದು ಹೇಗೆ ಎಂದೂ ಕೇಳಲಿಲ್ಲ. ಊರಿನ ಹೆಸರು ಬರೆದು ಅದನ್ನು ಅಲ್ಲಿಟ್ಟವರು ಅವರೇ ತಾನೆ.

ಎಂಟು ವರ್ಷ ಹೊತ್ತದ್ದು ಇಳಿಯಬೇಕಿತ್ತು. ಇಳಿಯಲಿಲ್ಲ, ಭುಜ ಬದಲಿಸಿತು ಅಷ್ಟೆ. ಅವರ ತಪ್ಪಿಲ್ಲದ ಐವತ್ತೊಂಬತ್ತು ನಿಮಿಷಗಳನ್ನು ನಾನು ಅಳಿಸಿದ್ದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅವರನ್ನು ಊರು ಬಿಡಿಸಿದ ಆ ಪೆಟ್ಟನ್ನೇ ನಾನು ಅಷ್ಟು ವರ್ಷ ಹಿತ್ತಲಿನ ಮೆಟ್ಟಿಲ ಮೇಲೆ ಕೂತು, ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ, ಆಸೆಪಟ್ಟು ಕೇಳಿದ್ದೆ.

ಮಾವ ಇನ್ನೊಮ್ಮೆ ಹಾಕಿದರು. ಈ ಸಲ ಟೇಪಿನ ಜತೆಗೆ ಕೌಂಟರಿನ ಮೇಲೆ ಬೆರಳುಗಳೂ ಓಡಿದವು. ಮುಕ್ತಾಯದಲ್ಲಿ ಟೇಪಿನ ಪೆಟ್ಟು ತಡೆಯಿತು. ಗಾಜಿನ ಮೇಲಿನ ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು. ಇಪ್ಪತ್ತಮೂರು ವರ್ಷಗಳ ನಂತರ ವೇಷದವರ ಕಾಲೂ ಚಂಡೆಯೂ ಕೂಡಿದವು.

ಸರಿಯಾಗಿತ್ತು. ಅದರಲ್ಲಿ ಏನೂ ಇರಲಿಲ್ಲ. ಹಾಗೆ ಹೇಳಬಾರದಿತ್ತು, ಆ ದಿನವಂತೂ ಹೇಳಬಾರದಿತ್ತು. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ನನಗೆ ಸಾಕಾಗಿತ್ತು.

“ಮಾವ, ನಂಗೆ ಆ ತಡ ಆದ್ದೇ ಚೆಂದ ಕಾಂತ್.”

ಗೋಡೆಯಾಚೆ ಟೈಲರರ ಮಿಶನ್ ನಿಂತಿತ್ತು, ಅವರೂ ಕೇಳುತ್ತಿದ್ದಿರಬೇಕು. ಮಾವ ಮತ್ತೆ ಕೌಂಟರಿನ ಮೇಲೆ ಬಾರಿಸಿ, ಕೊನೆಯ ಪೆಟ್ಟನ್ನು ಬೇಕೆಂದೇ ತಡೆದು ಹಾಕಿದರು. ಅದು ಲೆಕ್ಕ ಮಾಡಿ ತಡೆದ ಪೆಟ್ಟು ಎಂಬುದು ಕೇಳಿದರೆ ತಿಳಿಯುತ್ತಿತ್ತು. ಇನ್ನೊಮ್ಮೆ ಹಾಕಿದರು. ಅದೂ ಅಲ್ಲ. ನಾನು ತಲೆ ಅಲ್ಲಾಡಿಸಿದೆ. ಹೊಸ ಆಲ್ಬಮ್ಮಿನ ಉಳಿದ ಆರು ಹಾಡುಗಳನ್ನು ನಾವು ಅಂದು ಕೇಳಲೇ ಇಲ್ಲ. ಐದು ಗಂಟೆಗೆ ಜೆರಾಕ್ಸ್ ಮಾಡಿಸುವವರು ಬಂದು ಕರೆಂಟ್ ಬಂತೇ ಎಂದು ಕೇಳತೊಡಗಿದರು.

ಮುಂದಿನ ತಿಂಗಳು ಮಾವ ಸಾಲಿಗ್ರಾಮದಿಂದ ಒಂದು ಹಳೆಯ ಚಂಡೆ ತಂದರು, ಹಗ್ಗ ಬಿಗಿಸಿ ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟರು. ಮಾತು ಉಳಿಸಿಕೊಂಡರು ಎಂದು ಟೈಲರ್ ಮೆಚ್ಚಿಕೊಂಡು, ಅದಕ್ಕೊಂದು ಗವಸು ಹೊಲಿದುಕೊಟ್ಟರು. ಮಾವ ಯಾವ ಮೇಳಕ್ಕೂ ಹೋಗಲಿಲ್ಲ. ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ನನ್ನ ಫೋನು ಬಡಿಯುತ್ತದೆ. ಎತ್ತಿಕೊಂಡು ವರಾಂಡಕ್ಕೆ ಹೋಗುತ್ತೇನೆ. ಹಲೋ ಇಲ್ಲ, ಕ್ಷೇಮ ಸಮಾಚಾರ ಇಲ್ಲ. ಫೋನನ್ನು ಎಲ್ಲೋ ಒರಗಿಸಿಟ್ಟ ಸದ್ದು, ಆಮೇಲೆ ಚಂಡೆ ಏರುತ್ತದೆ, ಮುಕ್ತಾಯಕ್ಕೆ ಬರುತ್ತದೆ, ತಡೆಯುತ್ತದೆ, ಬೀಳುತ್ತದೆ. ಸಹೋದ್ಯೋಗಿಗಳು ಯಾರ ಫೋನೆಂದು ಕೇಳಿದರೆ ಮನೆಯವರದ್ದು ಎನ್ನುತ್ತೇನೆ.

“ಇದಾ?” ಎಂದು ಮಾವ ಏದುಸಿರಿನಲ್ಲಿ ಕೇಳುತ್ತಾರೆ.

“ಅಲ್ಲ ಮಾವ,” ಎನ್ನುತ್ತೇನೆ. “ಇನ್ನೊಂದ್ಚೂರ್ ತಡ.”